ಮಡಚಿದ ಬೆರಳು ಬಿಚ್ಚದಿದ್ದಾಗ

ವಯಸ್ಸಾದವರು ನಾಲ್ವರು ಸೇರಿದರೆ ಮಾತು ಮೊಣಕಾಲಿನಿಂದ ಆರಂಭವಾಗಿ ಸಕ್ಕರೆ ಕಾಯಿಲೆಯಲ್ಲಿ ಮುಗಿಯುವುದು ವಾಡಿಕೆ. ಬೆರಳಿನ ವಿಚಾರ ಎತ್ತುವವರು ವಿರಳ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನ ಬಲಗೈಯ ಉಂಗುರ ಬೆರಳು ಕಳೆದ ವರ್ಷ ಬೆಳಗಿನ ಹೊತ್ತು ಮಡಚಿದಲ್ಲೇ ನಿಲ್ಲತೊಡಗಿತು. ಎಡಗೈಯಿಂದ ಎತ್ತಿದರೆ ‘ಟಕ್’ ಎಂದು ಬಿಚ್ಚಿಕೊಳ್ಳುತ್ತಿತ್ತು. ಬರೆಯುವುದೇ ನಿಂತೀತೇನೋ ಎಂಬ ಅಳುಕು ನನ್ನನ್ನು ಕಾಡಿತು.

ಮೂಳೆ ವೈದ್ಯರು ಇದನ್ನು ‘ಟ್ರಿಗರ್ ಫಿಂಗರ್’ ಎಂದರು. ಬಂದೂಕಿನ ಟ್ರಿಗರ್ ಎಳೆದು ಬಿಟ್ಟಂತೆ ಬೆರಳು ಜಿಗಿಯುವುದರಿಂದ ಈ ಹೆಸರು. 1850ರಲ್ಲಿಯೇ ನೋಟಾ ಎಂಬ ಫ್ರೆಂಚ್ ವೈದ್ಯರು ಇದನ್ನು ವಿವರಿಸಿದ್ದರು.

ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಅಂಗೈ ದಾಟಿ, ಬೆರಳಿನ ಮೂಳೆಗಂಟಿದ ಉಂಗುರದಂಥ ಪಟ್ಟಿಗಳೊಳಗೆ ನುಸುಳಿ ಸಾಗುತ್ತವೆ. ಬೆರಳಿನ ಬುಡದ ಪಟ್ಟಿ ದಪ್ಪವಾಗಿ, ರಜ್ಜುವಿನಲ್ಲಿ ಗಂಟು ಕಟ್ಟಿದರೆ, ಗಂಟು ಬಿದ್ದ ಲಾಡಿ ಪೈಜಾಮದ ಮಡಿಕೆಯೊಳಗೆ ಸಿಕ್ಕಿಕೊಂಡಂತೆಯೇ ಆಗುತ್ತದೆ. ಆದ್ದರಿಂದಲೇ ಎಣ್ಣೆ ತಿಕ್ಕಿ ಬೆರಳನ್ನು ಜಗ್ಗಿಸಿಕೊಳ್ಳುವುದು ತರವಲ್ಲ, ಊತ ಹೆಚ್ಚಬಹುದು.

ಚಿಕಿತ್ಸೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ವಿಶ್ರಾಂತಿ: ಬಿಗಿಯಾಗಿ ಹಿಡಿಯುವ ಕೆಲಸಗಳನ್ನು ಬಿಟ್ಟು, ರಾತ್ರಿ ಬೆರಳು ಮಡಚದಂತೆ ಪಟ್ಟಿ ಧರಿಸುವುದು. ಎರಡನೆಯದು ಬೆರಳಿನ ಬುಡಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು. ಇದರಿಂದ ಅನೇಕರಿಗೆ ಗುಣವಾಗುತ್ತದೆ. ಆದರೆ ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆಯ ಪ್ರಮಾಣ ಏರುತ್ತದೆ. ಮೂರನೆಯದು ಬಿಗಿದ ಪಟ್ಟಿಯನ್ನು ಕತ್ತರಿಸಿ ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆ. ಅಂಗೈಗೆ ಮಾತ್ರ ಮರವಳಿಕೆ ಕೊಟ್ಟು ಮಾಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ನನಗೆ ಎರಡನೆಯ ಮೆಟ್ಟಿಲೇ ಸಾಕಾಯಿತು.

ನಮ್ಮ ಬಂಧುಗಳಿಗೆ ಒಂದು ಮಾತು. ಮಧುಮೇಹ, ಥೈರಾಯ್ಡ್ ತೊಂದರೆ ಮತ್ತು ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಇದು ಹೆಚ್ಚು. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಹೊಸದು? ಬೆರಳು ಸಿಕ್ಕಿಕೊಳ್ಳತೊಡಗಿದರೆ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಬಹುಕಾಲ ಹಾಗೆಯೇ ಬಿಟ್ಟರೆ ಕೀಲು ಬಿಗಿದು, ಬೆರಳು ಮತ್ತೆ ಪೂರ್ತಿ ನೇರವಾಗದೆ ಹೋಗಬಹುದು.

ಪುರುಷರಿಗಿಂತ ಸ್ತ್ರೀಯರನ್ನೇ ಇದು ಹೆಚ್ಚಾಗಿ ಬಾಧಿಸುತ್ತದೆ. ಬಟ್ಟೆ ಹಿಂಡುವಾಗ, ಕಾಯಿ ತುರಿಯುವಾಗ ಬೆರಳು ಸಿಕ್ಕಿಕೊಂಡರೂ ನಮ್ಮ ತಾಯಂದಿರು ಹೇಳಿಕೊಳ್ಳುವುದಿಲ್ಲ. ನನ್ನ ವಿದ್ಯಾರ್ಥಿಗಳೇ, ಮುಂದಿನ ಸಲ ಊರಿಗೆ ಹೋದಾಗ ನೀವಾಗಿಯೇ ಅವರನ್ನು ಕೇಳಿರಿ.