ನೀರಿನ ಕೆಳಗೆ ಹೋಗಲು ಯಾವ ಊರು?

ನಮ್ಮದು ಚಿಕ್ಕಯ್ಯನಛತ್ರ. ಒಂದು ಕಡೆ ನಂಜನಗೂಡಿನ ನಂಜುಂಡೇಶ್ವರ, ಇನ್ನೊಂದು ಕಡೆ ತಿರುಮಕೂಡಲು ನರಸೀಪುರದ ಸಂಗಮ. ಹೆಸರಿನಲ್ಲೇ ಛತ್ರವಿದೆ, ಅಂದರೆ ದಾರಿಹೋಕರು ತಂಗುವ ಜಾಗ. ಆದರೆ ಇಲ್ಲಿಯವರು ತಾವೇ ದಾರಿಹೋಕರಾಗಿ ಹೊರಟರೆ ಅದು ದೇವಸ್ಥಾನಕ್ಕೇ ಆಗಬೇಕು: ಮಹದೇಶ್ವರ ಬೆಟ್ಟ, ಧರ್ಮಸ್ಥಳ, ಕೈ ಸ್ವಲ್ಪ ಬಿಚ್ಚಿದರೆ ತಿರುಪತಿ. ಅಂಥ ಮನೆಯಲ್ಲಿ ಈ ಸಲ ಸಮುದ್ರದ ತಳ ನೋಡಲು ಯಾವ ಊರಿಗೆ ಹೋಗಬೇಕು ಎಂಬ ಚರ್ಚೆ ಎದ್ದಿತು. ಮೂರು ವಾರ ನಡೆಯಿತು. ನಿವೃತ್ತ ಬ್ಯಾಂಕ್ ಗುಮಾಸ್ತ ಎಂಬ ಕಾರಣಕ್ಕೆ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಇದಕ್ಕೆಲ್ಲ ಮೂಲ 'ಗಂಧದ ಗುಡಿ'. ನನ್ನ ವಯಸ್ಸಿನವರಿಗೆ ಗಂಧದ ಗುಡಿ ಎಂದರೆ 1973ರ ರಾಜ್‌ಕುಮಾರ್ ಚಿತ್ರ. ಮೊಮ್ಮಗಳಿಗೆ ಮಾತ್ರ ಅದು 2022ರಲ್ಲಿ ಬಂದ ಪುನೀತ್ ಅವರ ಸಾಕ್ಷ್ಯಚಿತ್ರ. ಅದರಲ್ಲಿ ಪುನೀತ್ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿಯ ನೀರಿಗೆ ಇಳಿಯುತ್ತಾರೆ. ಅದನ್ನು ನೋಡಿದ ದಿನದಿಂದ ಹದಿಮೂರು ವರ್ಷದ ಹುಡುಗಿ "ತಾತ, ನಾನೂ" ಎಂದು ಹಿಡಿದ ಪಟ್ಟು ಬಿಡಲಿಲ್ಲ. ಅವಳ ತಮ್ಮನಿಗೆ ಒಂಬತ್ತು ವರ್ಷ. ಅಕ್ಕ ಹೋದಲ್ಲಿಗೆ ತಾನೂ ಹೋಗಬೇಕು ಎನ್ನುವುದಕ್ಕೆ ಅವನಿಗೆ ಯಾವ ಸಿನಿಮಾವೂ ಬೇಕಿಲ್ಲ.

ನಮ್ಮ ಮನೆಯಲ್ಲಿ ನೀರಿನ ಮಾತು ಎತ್ತುವುದು ಸುಲಭವಲ್ಲ. ಅಲಮೇಲಮ್ಮನ ಶಾಪಕ್ಕೆ ಮಾಲಂಗಿ ಮಡುವಾದ ಕಥೆ ಕೇಳಿ ಬೆಳೆದವರು ನಾವು. ಕಥೆ ಹಾಗಿರಲಿ, ನನ್ನ ಜೊತೆ ಓದುತ್ತಿದ್ದ ಹುಡುಗನೊಬ್ಬ ಒಂದು ಬೇಸಿಗೆಯ ಮಧ್ಯಾಹ್ನ ಕಪಿಲೆಯಲ್ಲಿ ಈಜಲು ಹೋದವನು ಮನೆಗೆ ಬರಲಿಲ್ಲ. ಅಂದಿನಿಂದ ನಮ್ಮ ತಾಯಿ ಹೊಳೆಯ ಕಡೆ ಹೋಗಲು ಬಿಡಲಿಲ್ಲ. ಹೊಳೆಯ ಪಕ್ಕದಲ್ಲೇ ಹುಟ್ಟಿ ಈಜು ಬಾರದೆ ಎಪ್ಪತ್ನಾಲ್ಕು ವರ್ಷ ಕಳೆದವನು ನಾನು. ನನ್ನ ಹೆಂಡತಿಯೂ ಹಾಗೆಯೇ. ಆದ್ದರಿಂದ ಅವಳ ಮೊದಲ ಮಾತು "ಬೇಡ". ಎರಡನೆಯ ಮಾತೂ ಅದೇ.

ಬೇಡ ಎನ್ನುವುದಕ್ಕೆ ಮೊದಲು ವಿಷಯ ತಿಳಿಯೋಣ ಎಂದು ನೋಟ್‌ಬುಕ್ ತೆಗೆದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳೂ ಓದಬಹುದು.

ಮೊದಲಿಗೆ ಆ ಸಿಲಿಂಡರ್. ಅದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅದರೊಳಗೆ ಇರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು. ಹನ್ನೆರಡು ಲೀಟರಿನ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ದಡದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅದು ಎರಡು ಗಂಟೆ ಬರುತ್ತದೆ. ಆದರೆ ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಇನ್ನೊಂದು ವಾತಾವರಣದಷ್ಟು ಏರುತ್ತದೆ. 10 ಮೀಟರಿನಲ್ಲಿ ಒತ್ತಡ ಎರಡರಷ್ಟು, ಖರ್ಚಾಗುವ ಗಾಳಿಯೂ ಎರಡರಷ್ಟು. ಎರಡು ಗಂಟೆಯ ಗಾಳಿ ಒಂದೇ ಗಂಟೆಗೆ ಮುಗಿಯುತ್ತದೆ. ಕೈಕಾಲು ಬಡಿದು ಗಾಬರಿಯಾದರೆ ಇನ್ನೂ ಬೇಗ. ಆಪತ್ತಿಗೆಂದು ಒಂದಿಷ್ಟು ಉಳಿಸಿಕೊಂಡೇ ಮೇಲೆ ಬರಬೇಕು. ಮೊದಲ ಸಲದವರನ್ನು ಅರ್ಧ ಗಂಟೆಯ ಆಸುಪಾಸಿನಲ್ಲೇ ಮೇಲಕ್ಕೆ ತರುವುದು ಈ ಕಾರಣಕ್ಕೂ ಒಳ್ಳೆಯದು. ನೀರಿನೊಳಗೆ ಬೇಕಾದಾಗ ಬೇಕಾದಷ್ಟೇ ಗಾಳಿ ಕೊಡುವ ಸಲಕರಣೆಯನ್ನು 1943ರಲ್ಲಿ ಸಿದ್ಧಪಡಿಸಿದವರು ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್. ನನಗಿಂತ ಹೆಚ್ಚು ಹಳೆಯದೇನಲ್ಲ.

ಎರಡನೆಯದು ಉಸಿರು. ಹೊಳೆಯಲ್ಲಿ ಮುಳುಗುವವರಿಗೆ ಉಸಿರು ಕಟ್ಟಿಕೋ ಎನ್ನುತ್ತೇವೆ. ಇಲ್ಲಿ ಅದೇ ಅಪಾಯ. 10 ಮೀಟರ್ ಆಳದಲ್ಲಿ ತುಂಬಿಸಿದ ಬಲೂನು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶವೂ ಬಲೂನೇ. ಆದ್ದರಿಂದ ನೀರಿನೊಳಗೆ ಯಾವ ಕ್ಷಣದಲ್ಲೂ ಉಸಿರು ಕಟ್ಟಬಾರದು, ನಿಧಾನವಾಗಿ ಆಡುತ್ತಲೇ ಇರಬೇಕು. ಕಿವಿ ನೋಯಲು ಬಿಡದೆ, ಇಳಿಯಲು ತೊಡಗಿದಾಗಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು. ನೆಗಡಿ ಇದ್ದವರು ಆ ದಿನ ನೀರಿಗಿಳಿಯಬಾರದು, ಎಷ್ಟೇ ದುಡ್ಡು ಕಟ್ಟಿದ್ದರೂ. ಮಾತಿಲ್ಲದ ಆ ಲೋಕದಲ್ಲಿ ಕೈಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದ್ದೇನೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದು. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು. ಮೊಮ್ಮಗ ಈಗ ಊಟಕ್ಕೆ ಕುಳಿತಾಗಲೂ ಸೊನ್ನೆ ತೋರಿಸುತ್ತಾನೆ.

ಇನ್ನು ಊರಿನ ಆಯ್ಕೆ. ಅಳಿಯನ ಮನಸ್ಸು ಅಂಡಮಾನಿನ ಮೇಲಿತ್ತು. ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಅಲ್ಲಿ ಕೆಲವು ಕಡೆ ದೋಣಿಯೇ ಬೇಡ, ದಡದಿಂದಲೇ ನಡೆದು ನೀರಿಗಿಳಿದು ಹವಳದ ದಂಡೆ ಮುಟ್ಟಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಕಡಿಮೆ. ಆದರೆ ಐದು ಜನರ ವಿಮಾನ ಟಿಕೆಟ್ಟಿನ ಮೊತ್ತ ಕೂಡಿಸಿದಾಗ ಅಳಿಯನೇ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟ. ಲಕ್ಷದ್ವೀಪದ ನೀರು ಕನ್ನಡಿಯಂತೆ, ಕಡ್ಮತ್ ಬಂಗಾರಂ ಎಲ್ಲ ಹೆಸರಾಂತ ಜಾಗ. ಆದರೆ ಪ್ರವೇಶಕ್ಕೆ ಪರವಾನಗಿ ಬೇಕು, ತಿಂಗಳುಗಟ್ಟಲೆ ಮೊದಲೇ ಯೋಜಿಸಬೇಕು. ಪುದುಚೇರಿ ಎಂದಳು ಮಗಳು. ನಮಗೆ ರಜೆ ಇರುವ ಡಿಸೆಂಬರ್ ವೇಳೆಗೆ ಆ ಕರಾವಳಿಯಲ್ಲಿ ಹಿಂಗಾರು ಮಳೆ ಪೂರ್ತಿ ಮುಗಿದಿರುತ್ತದೆಂಬ ಭರವಸೆಯಿಲ್ಲ. ಗೋವಾ ಮಾಲ್ವಣಗಳನ್ನೂ ಬರೆದುಕೊಂಡೆ, ಆದರೆ ನಮ್ಮ ರಾಜ್ಯದ್ದನ್ನು ನೋಡದೆ ಅಲ್ಲಿಗೆ ಏಕೆ?

ಕೊನೆಗೆ ಉಳಿದದ್ದು ಸಿನಿಮಾದ ನೇತ್ರಾಣಿಯೇ. ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್. ಮೇಲಿನಿಂದ ನೋಡಿದರೆ ಹೃದಯದ ಆಕಾರ. ನದಿಗಳು ತಂದು ಸುರಿಯುವ ಕೆಸರು ದಡದ ಹತ್ತಿರ ನೀರನ್ನು ಕದಡುತ್ತದೆ. ನೇತ್ರಾಣಿ ಅಷ್ಟು ದೂರ ಇರುವುದರಿಂದ ಅಲ್ಲಿನ ನೀರು ತಿಳಿ. ಹವಳಕ್ಕೆ ಬಿಸಿಲು ಬೇಕು, ಬಿಸಿಲಿಗೆ ತಿಳಿನೀರು ಬೇಕು. ಹವಳ ಇದ್ದಲ್ಲಿ ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿಯಿಂದ ಬಾಯಿ ತೆರೆದು ನೋಡುವ ಮೋರೆ ಹಾವುಮೀನು. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಕಾಲ. ಮುರುಡೇಶ್ವರದಲ್ಲಿ 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ರಾಜಗೋಪುರ. ದೇವಸ್ಥಾನವೂ ಆಯಿತು ನೋಡಿ. ಮೈಸೂರಿನಿಂದ ರಾತ್ರಿ ರೈಲೂ ಇದೆ.

ಇದನ್ನು ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಆ ಕೋಲಾರದ ಹುಡುಗಿಯರು ಹೋದದ್ದು ಅಲ್ಲೇ ಅಲ್ಲವೇ?" ಹೌದು, ಅಲ್ಲೇ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಅಲೆಗಳಲ್ಲಿ ಕೊಚ್ಚಿಹೋದರು. ನಾನು ಉತ್ತರ ಕೊಡದೆ ಎರಡು ದಿನ ಯೋಚಿಸಿದೆ. ಆ ಮಕ್ಕಳು ಇಳಿದದ್ದು ದಡದ ಅಲೆಗೆ, ಮೈಮೇಲೆ ತೇಲು ಅಂಗಿಯಿಲ್ಲದೆ. ಡೈವಿಂಗ್‌ಗೆ ಹೋಗುವ ಹೊಸಬರ ಪಕ್ಕದಲ್ಲಿ ತರಬೇತುದಾರ ಇರುತ್ತಾನೆ, ಮೈಮೇಲೆ ಗಾಳಿ ತುಂಬಿ ತೇಲಿಸುವ ಜಾಕೆಟ್ ಇರುತ್ತದೆ. ಮೊಣಕಾಲುದ್ದದ ನೀರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಅಪಾಯ ಅಲ್ಲೇ ಶುರುವಾಗುತ್ತದೆ. ಆದ್ದರಿಂದ ನಮ್ಮ ಮನೆಯ ಷರತ್ತು ಹೀಗಾಯಿತು: ಕಡಲತೀರದಲ್ಲಿ ಯಾರೂ ನೀರಿಗಿಳಿಯುವ ಹಾಗಿಲ್ಲ, ಕಾಲು ತೋಯಿಸಲೂ ಕೂಡದು. ಮೊಮ್ಮಗಳು ಹೊರಡುವ ಮೊದಲು ಈಜು ಕಲಿಯಬೇಕು. ಮೊದಲ ಸಲ ಮುಳುಗಲು ಈಜು ಬರಲೇಬೇಕೆಂದಿಲ್ಲ ಎಂದು ಕೆಲವು ಕಡೆ ಹೇಳುತ್ತಾರೆ. ಅದು ಅವರ ನಿಯಮ, ಇದು ನಮ್ಮದು. ಈಗ ಅವಳು ಮೈಸೂರಿನ ಈಜುಕೊಳಕ್ಕೆ ದಿನಾ ಬೆಳಿಗ್ಗೆ ಹೋಗುತ್ತಿದ್ದಾಳೆ.

ಡೈವಿಂಗ್ ಕರೆದೊಯ್ಯುವವರಿಗೆ ಫೋನ್ ಮಾಡಿ ಕೇಳಲು ನಾನು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ಒಬ್ಬ ತರಬೇತುದಾರನಿಗೆ ಎಷ್ಟು ಹೊಸಬರು? ದೋಣಿಯಲ್ಲಿ ಪ್ರಥಮ ಚಿಕಿತ್ಸೆಗೆ ಶುದ್ಧ ಆಮ್ಲಜನಕ ಇದೆಯೇ? ಆರೋಗ್ಯದ ಫಾರಂ ತುಂಬಿಸುತ್ತೀರೋ? ಸಮುದ್ರ ಕೆಟ್ಟರೆ ದುಡ್ಡು ವಾಪಸೋ, ಇನ್ನೊಂದು ದಿನವೋ? ಒಂದು ಕಡೆಯವರು ಫಾರಂ ಮಾತಿಗೆ ನಕ್ಕುಬಿಟ್ಟರು, "ಸಾರ್, ಅದೆಲ್ಲ ಸಹಿ ಹಾಕಿದರೆ ಮುಗಿಯಿತು" ಎಂದರು. ಸಹಿ ನೋಡಿ ಹಣ ಕೊಡುತ್ತಿದ್ದವನಿಗೆ ಹೀಗೆ ಹೇಳಬಾರದಿತ್ತು. ಅವರ ಹೆಸರಿಗೆ ಗೆರೆ ಎಳೆದೆ. ಇನ್ನೊಂದು ಕಡೆಯವರು ಆಸ್ತಮಾ, ಕಿವಿಯ ಶಸ್ತ್ರಚಿಕಿತ್ಸೆ, ಮೂರ್ಛೆ ಎಂದು ತಾವಾಗಿಯೇ ಒಂದೊಂದಾಗಿ ಕೇಳಿದರು. ಅವರನ್ನೇ ಗೊತ್ತುಮಾಡಿದೆವು.

ಆ ಫಾರಂನಿಂದಾಗಿ ನನ್ನ ಆಸೆಯೂ ಹೊರಬಿತ್ತು. "ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ" ಎನ್ನುವ ಗಾದೆಯಂತೆ, ಅಷ್ಟು ದೂರ ಹೋದ ಮೇಲೆ ನಾನೂ ಒಂದು ಸಲ ಇಳಿದರೆ ಹೇಗೆ? ಹೃದಯಕ್ಕೆ ಸ್ಟೆಂಟ್ ಹಾಕಿದ ನನ್ನ ವೈದ್ಯರು ಕಾಗದ ಓದಿ, ಕನ್ನಡಕ ತೆಗೆದು, ತಲೆಯಾಡಿಸಿದರು. ದೋಣಿಯಲ್ಲಿ ಕುಳಿತು ನೋಡಬಹುದಲ್ಲ ಎಂದರೆ, ನೇತ್ರಾಣಿಯಲ್ಲಿ ಇಳಿಯಲು ಮರಳ ದಡವಿಲ್ಲ, ಕಡಿದಾದ ಬಂಡೆ. ಗಂಟೆಗೂ ಮಿಕ್ಕ ಪ್ರಯಾಣ, ಮತ್ತೆ ಅಲೆಯ ಮೇಲೆ ತೂಗುತ್ತ ಕಾಯಬೇಕು. ಆದರೂ ಹೋಗುತ್ತೇನೆ. ವಾಂತಿಯ ಮಾತ್ರೆ ಪಟ್ಟಿಯಲ್ಲಿದೆ.

ವಾಪಸು ಬರುವ ವಿಷಯದಲ್ಲಿ ಒಂದು ಮಾತು, ಘಟ್ಟದ ಮೇಲಿನವರೆಲ್ಲರೂ ಗಮನಿಸಬೇಕಾದ್ದು. ನೀರಿನಾಳದಲ್ಲಿ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಒತ್ತಡ ಥಟ್ಟನೆ ಇಳಿದರೆ ಸೋಡಾ ಬಾಟಲಿ ತೆರೆದಾಗಿನಂತೆ ಗುಳ್ಳೆ ಏಳುತ್ತದೆ. ಅದಕ್ಕೇ ಡೈವಿಂಗ್ ಆದ ದಿನ ವಿಮಾನ ಹತ್ತಬಾರದು ಎನ್ನುವುದು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಸಾವಿರ ಅಡಿ ಮೇಲಿದೆ. ರೈಲಿನಲ್ಲೇ ಬಂದರೂ ಘಟ್ಟ ಹತ್ತಲೇಬೇಕು. ಆಳ ಕಡಿಮೆ, ಒಂದೇ ಸಲ ಮುಳುಗುವುದು, ಅಷ್ಟು ಹೆದರಬೇಕಿಲ್ಲ ಎಂದರು. ಆದರೂ ಆ ರಾತ್ರಿಯೂ ಮರುದಿನವೂ ಮುರುಡೇಶ್ವರದಲ್ಲೇ ಉಳಿದು ನಂತರ ಹೊರಡುವುದೆಂದು ಟಿಕೆಟ್ ಮಾಡಿಸಿದ್ದೇನೆ.

ಉಳಿದದ್ದು ಮೊಮ್ಮಗ. ಸಮುದ್ರದಲ್ಲಿ ಮುಳುಗಲು ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ಅವನಿಗೆ ತುಂಬಿಲ್ಲ. ಅಕ್ಕನ ಜೊತೆ ಇಳಿಯುವಂತಿಲ್ಲ ಎಂದಾಗ ಅವನು ಅಳಲಿಲ್ಲ, ಎದ್ದು ಹಿತ್ತಿಲಿಗೆ ಹೋಗಿ ಕುಳಿತ. ಅದು ಅಳುವುದಕ್ಕಿಂತ ಕಷ್ಟ. ಅಜ್ಜಿ ಹಿಂದೆಯೇ ಹೋಗಿ ಪಕ್ಕದಲ್ಲಿ ಕುಳಿತಳು. ಅವಳಿಗೂ ದೋಣಿ ಬೇಡ, ಇಬ್ಬರೂ ಶಿವನ ಕೆಳಗೆ ಕುಳಿತು ದೋಣಿ ಬರುವುದನ್ನು ಕಾಯುತ್ತಾರಂತೆ. ಸಂಜೆ ಅವನು ನನ್ನ ನೋಟ್‌ಬುಕ್ ತೆಗೆದು ತನ್ನ ಹುಟ್ಟುಹಬ್ಬದ ತಾರೀಕು ಬರೆದ. ಆಗಸ್ಟ್. ಆಗ ಮಳೆಗಾಲ, ದೋಣಿ ಬಿಡುವುದಿಲ್ಲ ಎಂದೆ. ಸ್ವಲ್ಪ ಯೋಚಿಸಿ ಅದನ್ನು ಹೊಡೆದುಹಾಕಿ ಕೆಳಗೆ 'ಅಕ್ಟೋಬರ್' ಎಂದು ಬರೆದ, ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿದ.