ಮೈಸೂರಿಗೆ ಹೋಗಿದ್ದು, ಅವ್ವ ಕಾಣೆಯಾಗಿದ್ದು

ಇವತ್ತು ತೋಟದ ವಿಷಯ ಅಲ್ಲ. ಹೋದ ವಾರ ಇಬ್ಬರು ಫೋನ್ ಮಾಡಿದ್ರು, ಒಬ್ಬರು ಕಡೂರಿನವರು, ಇನ್ನೊಬ್ಬರು ಅಜ್ಜಂಪುರದ ಕಡೆಯವರು. ಇಬ್ಬರದೂ ಒಂದೇ ಪ್ರಶ್ನೆ: ಮಕ್ಕಳಿಗೆ ರಜ, ಮನೆಮಂದಿನೆಲ್ಲ ಕರ್ಕೊಂಡು ಯಾವ ಊರಿಗೆ ಹೋದ್ರೆ ಭಯ ಇಲ್ಲ? 2025ರ ಏಪ್ರಿಲ್‌ನಲ್ಲಿ ನಾವು ಮೈಸೂರಿಗೆ ಹೋಗಿದ್ದು ಅವರಿಗೆ ಗೊತ್ತು. ಅಲ್ಲಿ ಏನಾಯ್ತು ಅನ್ನೋದನ್ನ ಯಾರಿಗೂ ಹೇಳಿರಲಿಲ್ಲ, ನಾಚಿಕೆ.

ಅಡಿಕೆಯವರಿಗೆ ರಜ ಹೊಂದಿಸೋದೇ ಕಷ್ಟ. ದಸರಾ ರಜದಲ್ಲಿ ಕೊಯ್ಲು, ಸುಲಿಯೋದು, ಬೇಯಿಸೋದು. ಬೇಸಿಗೆ ರಜದಲ್ಲಿ ನೀರು. ಈರುಳ್ಳಿಯವರಿಗೆ ಮಳೆ ಬೀಳೋವರೆಗೆ ಒಂಚೂರು ಬಿಡುವು ಸಿಗುತ್ತೆ, ನಮಗೆ ಅದೂ ಇಲ್ಲ. ಆದ್ರೂ ಮಗಳ ಹಟಕ್ಕೆ ಮೂರು ದಿನ ಹೊರಟ್ವಿ. ತೋಟಕ್ಕೆ ನಮ್ಮ ಹುಡುಗನ್ನ ಬಿಟ್ಟೆ.

ಮಗಳಿಗೆ ಸಮುದ್ರ ನೋಡಬೇಕಿತ್ತು, ಮುರುಡೇಶ್ವರ ಅಂದ್ಲು. ನಮ್ಮನೆಯವಳು ಬಿಲ್‌ಕುಲ್ ಬೇಡ ಅಂದ್ಲು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಅದೇ ಸಮುದ್ರದಲ್ಲಿ ಹೋದ್ರಲ್ಲ, ಆ ಸುದ್ದಿ ಇನ್ನೂ ಅವಳ ಕಣ್ಣಲ್ಲೇ ಇತ್ತು. "ಬಯಲುಸೀಮೆ ಮಕ್ಕಳು ರೀ, ಅಲೆ ಹಿಂದಕ್ಕೆ ಎಳೆಯುತ್ತೆ ಅಂತ ಅವಕ್ಕೇನು ಗೊತ್ತು?" ಅಂದ್ಲು. ನಾನು ಮೊದಲು ಅತಿಯಾಯ್ತು ಅಂದ್ಕೊಂಡೆ. ಆಮೇಲೆ ಯೋಚನೆ ಮಾಡಿದ್ರೆ ನಾವೇ ಏನು ಮಾಡ್ತೀವಿ ಹೇಳಿ? ಲಕ್ಕವಳ್ಳಿ ಹಿನ್ನೀರಿಗೆ ಬೆಂಗಳೂರಿನ ಹುಡುಗರು ಇಳಿದ್ರೆ ದಡದಲ್ಲಿ ನಿಂತು ಬೈತೀವಿ. ಕಲ್ಲತ್ತಿಗಿರಿಯಲ್ಲಿ ಪಾಚಿ ಕಲ್ಲು ಹತ್ತಬೇಡ್ರೋ ಅಂತ ಕೂಗ್ತೀವಿ. ಅವರಿಗೆ ನಮ್ಮ ನೀರು ಗೊತ್ತಿಲ್ಲ, ನಮಗೆ ಕರಾವಳಿ ನೀರು ಗೊತ್ತಿಲ್ಲ.

ಹಾಗಾಗಿ ಮೈಸೂರು. ತರೀಕೆರೆಯಲ್ಲಿ ರೈಲು ಹತ್ತಿದ್ರೆ ಬೀರೂರು, ಕಡೂರು, ಅರಸೀಕೆರೆ, ಹಾಸನ ದಾಟಿ ನೇರ ಇಳಿಸುತ್ತೆ, ಎಲ್ಲೂ ಬದಲಾಯಿಸೋ ಹಾಗಿಲ್ಲ. ರೈಲಲ್ಲಿ ಪಾಯಿಖಾನೆ ಇದೆ. ಇದನ್ನ ಯಾಕೆ ಬರೀತೀನಿ ಅಂದ್ರೆ, ನಮ್ಮವ್ವಂಗೆ ಎಪ್ಪತ್ತಾರು ವರ್ಷ, ಗಂಟೆಗೊಂದು ಸಲ ಎದ್ದು ಹೋಗಬೇಕು. ಕಾರಲ್ಲಿ ಹೋದ್ರೆ ದಾರೀಲಿ ಹೆಂಗಸರು ಪಡೋ ಪಾಡು ನಾವು ಗಂಡಸರು ಲೆಕ್ಕಕ್ಕೇ ಇಟ್ಕೊಳಲ್ಲ. ಜೊತೆಗೆ ಅವ್ವಂಗೆ ಈಗೀಗ ಮರೆವು. ಕೊಟ್ಟಿಗೆಗೆ ಹೋದವಳು ಯಾಕೆ ಬಂದೆ ಅಂತ ನಿಂತಿರ್ತಾಳೆ.

ಸ್ಟೇಷನ್ ಹತ್ತಿರ ಕೆಳಗಿನ ಮಹಡಿಯ ರೂಮು ಸಿಕ್ತು. ಹೆಂಗಸರಿಗೆ ಆಧಾರ್ ತೋರಿಸಿದ್ರೆ ಸಿಟಿ ಬಸ್ಸೂ ಫ್ರೀ, ವೋಲ್ವೋಗೆ ಮಾತ್ರ ಇಲ್ಲ. ಊರು ಚೊಕ್ಕಟ, 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲು ಬಂದ ಊರು. ದಾರಿ ಕೇಳಿದ್ರೆ ನಮ್ಮ ಭಾಷೆಯಲ್ಲೇ ಹೇಳ್ತಾರೆ. ಭಾನುವಾರ ಬೆಳಗ್ಗೆ ಮೃಗಾಲಯ ನೋಡಿದ್ವಿ (ಮಂಗಳವಾರ ಹೋಗಬೇಡಿ, ಬಾಗಿಲು ಹಾಕಿರುತ್ತೆ). ಸಂಜೆ ಅರಮನೆ ದೀಪ. ಭಾನುವಾರ, ರಜಾ ದಿನಗಳಲ್ಲಿ 7 ಗಂಟೆಗೆ ಹಚ್ಚಿ 7.45ಕ್ಕೆ ಆರಿಸ್ತಾರೆ.

ದೀಪ ಹತ್ತಿದಾಗ ಅವ್ವ ಕೈ ಮುಗಿದಳು. ಮನೆಯವಳು ಮಗಳನ್ನ ಶೌಚಾಲಯಕ್ಕೆ ಕರ್ಕೊಂಡು ಹೋಗಿದ್ಲು, ಅವ್ವನ ಕೈ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಹುಡುಗನ ಫೋನ್. "ಅಣ್ಣ, ತ್ರೀ ಫೇಸ್ ಬಂತು, ಸ್ಟಾರ್ಟರ್ ಹಿಡೀತಿಲ್ಲ." ಬ್ಯಾಂಡಿನ ಗಲಾಟೆ. ಅವ್ವನ ಕೈ ಬಿಟ್ಟು, ಇನ್ನೊಂದು ಕಿವಿ ಮುಚ್ಕೊಂಡು ಪಕ್ಕಕ್ಕೆ ಹೋದೆ. ಫ್ಯೂಸ್ ನೋಡು, ಆಯಿಲ್ ನೋಡು ಅಂತ ಹತ್ತು ನಿಮಿಷ ಮಾತಾಡಿರಬೇಕು. ತಿರುಗಿ ನೋಡಿದ್ರೆ ಅವ್ವ ಇಲ್ಲ.

ಹುಡುಕ್ತಾ ಇರುವಾಗಲೇ ದೀಪ ಆರಿಸಿದ್ರು. ಅಷ್ಟೂ ಜನ ಒಟ್ಟಿಗೆ ಗೇಟಿನ ಕಡೆ ನಡೆದ್ರು. ಆ ಕತ್ತಲೆ ನನ್ನ ಜನ್ಮದಲ್ಲಿ ಮರೆಯಲ್ಲ.

ಗೇಟಿನ ಹತ್ತಿರ ಒಬ್ಬ ಮಹಿಳಾ ಪೊಲೀಸ್ ಇದ್ರು. ಫೋಟೋ ಕೊಡಿ ಅಂದ್ರು. ನನ್ನ ಮೊಬೈಲ್ ತೆಗೆದ್ರೆ ಬರೀ ಎಲೆಚುಕ್ಕಿ ರೋಗದ ಫೋಟೋ, ಡ್ರಿಪ್ ಪೈಪಿನ ಫೋಟೋ. ಅವ್ವನದು ಒಂದೂ ಇಲ್ಲ. ಮಗಳು ಬೆಳಗ್ಗೆ ಜಿರಾಫೆ ಮುಂದೆ ನಿಲ್ಲಿಸಿ ತೆಗೆದಿದ್ಲು, ಅದೇ ಸೀರೆ. ಅದನ್ನ ಕಳಿಸಿದ್ವಿ. "ನೀವೂ ಓಡಾಡಬೇಡಿ, ಒಬ್ಬರು ಇಲ್ಲೇ ನಿಲ್ಲಿ" ಅಂದ್ರು. ಮನೆಯವಳು ನನಗೆ ಒಂದು ಮಾತೂ ಬೈಲಿಲ್ಲ, ಅದು ಇನ್ನೂ ಕಷ್ಟ.

ಆಗ ಮತ್ತೆ ಗೊತ್ತಿಲ್ಲದ ನಂಬರಿಂದ ಫೋನ್. ಒಂದು ಸಲ ಆಗಲೇ ಕಟ್ ಮಾಡಿದ್ದೆ, ಲೋನ್ ಬೇಕಾ ಅಂತ ಕೇಳೋರು ಅಂದ್ಕೊಂಡು. ಈ ಸಲ ಎತ್ತಿದೆ. "ಅಣ್ಣಾ, ಕಟ್ ಮಾಡ್ಬೇಡಿ. ನಿಮ್ಮ ಅಮ್ಮೋರು ಇಲ್ಲೇ ಕುಂತವ್ರೆ." ಕೋಟೆ ಆಂಜನೇಯ ದೇವಸ್ಥಾನದ ಹತ್ತಿರ ಹೂ ಮಾರೋ ಹೆಂಗಸು. ಅವ್ವ ಹೋಗಿ ಅವಳ ಪಕ್ಕ ಕೂತು ಎಲೆಅಡಿಕೆ ಸಂಚಿ ಬಿಚ್ಚಿದಾಳೆ. ಅದರೊಳಗೆ ನಮ್ಮನೆಯವಳು ನನಗೂ ಹೇಳದೆ ಒಂದು ಚೀಟಿ ಹಾಕಿದ್ಲು: ಹೆಸರು, ಊರು, ನನ್ನ ನಂಬರ್. ಆ ತಾಯಿ ಮೊದಲನೇ ಸಲ ಮಾಡಿದಾಗ ನನ್ನ ಫೋನ್ ಬಿಜಿ ಅಂತೆ. ಸ್ಟಾರ್ಟರ್ ವಿಷಯ ನಡೀತಿತ್ತಲ್ಲ.

ನಾನು ಓಡಿ ಹೋದ್ರೆ ಅವ್ವ, "ಎಲ್ಲಿ ಹಾಳಾಗಿ ಹೋಗಿದ್ಯೋ, ಎಷ್ಟೊತ್ತು ಕಾಯೋದು?" ಅಂತ ನನಗೇ ಬೈದ್ಲು. ಹೂವಿನವರು ದುಡ್ಡು ಮುಟ್ಟಲಿಲ್ಲ. ಅವ್ವನ ಸಂಚಿಯ ಅಡಿಕೆ ಮಾತ್ರ ಇಸ್ಕೊಂಡ್ರು.

ಈಗ ಕೇಳಿದವರಿಗೆ ಉತ್ತರ. ಮೈಸೂರಿಗೆ ಹೋಗಿ ಅಂತಲೇ ಹೇಳ್ತೀನಿ, ಆದ್ರೆ ದಸರಾ ಜಂಬೂಸವಾರಿ ದಿನ ವಯಸ್ಸಾದವರನ್ನ ಕರ್ಕೊಂಡು ಹೋಗಬೇಡಿ. ನಾವು ಬಂದು ಎರಡು ತಿಂಗಳಿಗೆ, ಜೂನ್ 4ಕ್ಕೆ, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ನೂಕುನುಗ್ಗಲಲ್ಲಿ 11 ಜನ ಸತ್ರು. ಹಿಂದಿನ ದಿನ ಅದೇ ರಸ್ತೆಯಲ್ಲಿ ಮಗು ಎತ್ಕೊಂಡು ಆರಾಮಾಗಿ ನಡೀಬಹುದಿತ್ತು. ಊರು ಕೇಳೋದರ ಜೊತೆ ದಿನ ಯಾವುದು ಅಂತಲೂ ಕೇಳಿ. ಮೈಸೂರಿನ ಪಕ್ಕದಲ್ಲೇ ಬಲಮುರಿ, ಶ್ರೀರಂಗಪಟ್ಟಣದ ಸಂಗಮ ಇದೆ, ನೋಡಿ ಬನ್ನಿ, ಕಾವೇರಿಗೆ ಇಳಿಯೋಕೆ ಹೋಗಬೇಡಿ. ಜೇಬಲ್ಲಿ ಎಲ್ಲರ ಈಗಿನ ಫೋಟೋ ಇರಲಿ. ತುರ್ತಿಗೆ 112, ರೈಲಲ್ಲಾದ್ರೆ 139.

ಮೋಟರ್ ಕಥೆ ಕೇಳ್ತೀರಾ? ಸ್ಟಾರ್ಟರ್ ಒಳಗೆ ಹಲ್ಲಿ ಸಿಕ್ಕಿತ್ತು. ಹುಡುಗನೇ ತೆಗೆದು ನೀರು ಬಿಟ್ಟಿದ್ದ.

ಸಂಚಿಯಲ್ಲಿ ಆ ಚೀಟಿ ಈಗಲೂ ಇದೆ. ನನ್ನ ನಂಬರ್ ಮೇಲೆ ಗೀಟು ಎಳೆದು ಮಗಳು ಅವರಮ್ಮನ ನಂಬರ್ ಬರೆದಿದಾಳೆ.