ಧ್ಯಾನಕೂಟ ಮುಗಿದ ಮೇಲೆ

ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿಗೆ ಮೈಸೂರು ದೂರವೇನಲ್ಲ. ಅಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವಿದೆ. ಕ್ರೈಸ್ತರ ಆಶ್ರಮ, ಬಾಗಿಲು ಎಲ್ಲರಿಗೂ ತೆರೆದಿದೆ.

ಕಟ್ಟಿದವರು ಫಾದರ್ ಡಿ.ಎಸ್. ಅಮಲೋರ್‌ಪವದಾಸ್. 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧನೆ, ಪೂಜಾವಿಧಿಗಳಿಗೆ ಮೀಸಲಾದ ಕ್ಯಾಥೊಲಿಕ್ ಸಭೆಯ ಎನ್‌ಬಿಸಿಎಲ್‌ಸಿ ಕೇಂದ್ರವನ್ನು ಶುರುಮಾಡಿದವರೂ ಅವರೇ. ಭಾರತೀಯ ರೀತಿಯ ಪೂಜಾವಿಧಿಗೆ ಭಾರತದ ಬಿಷಪರು ಕೇಳಿದ 12 ಅಂಶಗಳನ್ನು ರೋಮ್ 1969ರಲ್ಲಿ ಒಪ್ಪಿತು: ಚಪ್ಪಲಿ ಹೊರಗೆ ಬಿಡಬಹುದು, ನೆಲದ ಮೇಲೆ ಕೂರಬಹುದು, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ ಹಚ್ಚಬಹುದು, ಹೂವಿಟ್ಟು ಆರತಿ ಎತ್ತಬಹುದು. ಆಶ್ರಮದ ಪ್ರಾರ್ಥನೆಯೂ ಇದೇ ಜಾಡಿನದು. 1990ರ ಮೇ ತಿಂಗಳಲ್ಲಿ ಫಾದರ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಶ್ರಮ ನಿಲ್ಲಲಿಲ್ಲ.

ಇಂಥ ಆಶ್ರಮದ ಧ್ಯಾನಕೂಟದ ದಿನಗಳಲ್ಲಿ ಮೌನ ಸುಲಭ, ಏಕೆಂದರೆ ಸುತ್ತಲಿನವರೂ ಮೌನವಾಗಿರುತ್ತಾರೆ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ: ಗದ್ದೆಗೆ ನೀರು, ಮಕ್ಕಳ ಫೀಸು, ಬೆಳಗಿನ ಪಾಳಿ. ಎಷ್ಟೋ ಜನರ ಉತ್ಸಾಹ ಒಂದೇ ತಿಂಗಳಲ್ಲಿ ಆರಿಹೋಗುತ್ತದೆ. ಅದು ಅವರ ಭಕ್ತಿಯ ಕೊರತೆಯಲ್ಲ, ಜೊತೆಗಾರರ ಕೊರತೆ.

ಜೊತೆಯಲ್ಲಿ ಉಳಿಯುವುದು ಹೇಗೆಂಬುದಕ್ಕೆ ಪಕ್ಕದ ಶ್ರೀರಂಗಪಟ್ಟಣದಲ್ಲೇ ಉದಾಹರಣೆಯಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಇಲ್ಲಿಯ ಉಡುಗೆ ತೊಟ್ಟರು, ಇಲ್ಲಿಯ ಊಟ ಉಂಡರು, ಜನರಿಂದ ದೊಡ್ಡಸ್ವಾಮಿ ಎನಿಸಿಕೊಂಡರು. ಫ್ರಾನ್ಸಿಗೆ ಮರಳಿದ್ದು 1823ರಲ್ಲಿ.

ನಿಮ್ಮ ಊರಲ್ಲೂ ಧ್ಯಾನಕೂಟಕ್ಕೆ ಹೋಗಿಬಂದವರು ಇದ್ದೇ ಇರುತ್ತಾರೆ. ವಾರಕ್ಕೊಂದು ಸಂಜೆ ಯಾರದಾದರೂ ಮನೆಯಲ್ಲಿ ಸೇರಿ. ಬಾರದವರ ಮನೆಗೆ ನೀವೇ ಹೋಗಿ.